ಬೆನ್ನ ಮೇಲಿನ ಬಸ್ಸು

ನಮ್ಮ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಮೊದಲು ಹೇಳುವ ಮಾತು ಒಂದೇ: "ಡಿಸೈನ್ ರೆಡಿ ಇದೆ ಮೇಡಂ, ಪ್ರಿಂಟ್ ಹಾಕ್ಕೊಟ್ರೆ ಸಾಕು." ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ರೆಡಿ ಇರುವ ಡಿಸೈನ್ ಎಂದರೆ, ಯಾರೋ ಯಾರಿಗೋ ಫೋನಿನಲ್ಲಿ ಕಳಿಸಿ, ಅವರು ಇನ್ಯಾರಿಗೋ ದಾಟಿಸಿ, ಕೊನೆಗೆ ಅಂಚೆಚೀಟಿಯಷ್ಟು ಸಣಕಲಾಗಿ ನನ್ನ ಹತ್ತಿರ ಬಂದು ಬೀಳುವ ಒಂದು ಚಿತ್ರ. ಎದೆಯಗಲಕ್ಕೆ ಹಿಗ್ಗಿಸಿದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಒಡೆದು ಕಾಣುತ್ತದೆ. "ಫೋನಲ್ಲಿ ಚೆನ್ನಾಗೇ ಕಾಣುತ್ತಲ್ಲ" ಎನ್ನುತ್ತಾರೆ. ಹಾಗಾದರೆ ಫೋನನ್ನೇ ಎದೆಗೆ ಕಟ್ಟಿಕೊಂಡು ಓಡಾಡಿ ಎಂಬ ಮಾತು ನಾಲಿಗೆ ತುದಿಗೆ ಬರುತ್ತದೆ. ನುಂಗಿಕೊಂಡು, ಕಂಪ್ಯೂಟರಿನ ಮುಂದೆ ಕೂತು, ಗೆರೆ ಗೆರೆಯಾಗಿ ಹೊಸದಾಗಿ ಎಳೆಯುತ್ತೇನೆ. ಟಿ-ಶರ್ಟಿನ ಮೇಲೆ ಏನು ಮೂಡಬೇಕೋ ಅದನ್ನು ಅಚ್ಚಿಗೆ ಒಗ್ಗುವ ಹಾಗೆ ಸಿದ್ಧಮಾಡಿ ಕೊಡುವುದು, ಅದೇ ನನ್ನ ಕೆಲಸ.

ಅಚ್ಚು ಹಾಕುವವರು ಆಪಾ. ಅಕ್ಕ ಎನ್ನುವ ಬದಲು ನಾನು ಕರೆಯುವುದು ಹಾಗೆ. ಅಂಗಡಿ ಅವರದು. ಆರ್.ಟಿ. ನಗರದ ಮುಖ್ಯರಸ್ತೆ ಬಿಟ್ಟು ಒಳಕ್ಕೆ ಬಂದರೆ ಬೇಕರಿಯ ಪಕ್ಕದಲ್ಲಿ ಒಂದು ಉದ್ದನೆಯ, ಕಿರಿದಾದ ಮಳಿಗೆ. ಅವರ ತಂದೆ ಅಲ್ಲಿ ಮದುವೆ ಕಾರ್ಡು, ಬಟ್ಟೆ ಬ್ಯಾನರು ಅಚ್ಚು ಹಾಕುತ್ತಿದ್ದರಂತೆ. ಆಪಾ ಅದೇ ವಿದ್ಯೆಯನ್ನು ಟಿ-ಶರ್ಟಿಗೆ ತಿರುಗಿಸಿದರು. ಮನೆಯಲ್ಲಿ ದಖ್ಖನಿ, ಅಂಗಡಿಯಲ್ಲಿ ಕನ್ನಡ, ಸಿಟ್ಟು ಬಂದಾಗ ಎರಡೂ. ವಿನಯ ಎಂಬುದು ಅವರ ಹತ್ತಿರ ಸುಳಿದೇ ಇಲ್ಲ. "ಈ ಕಡೆ ಹೆಬ್ಬಾಳ, ಆ ಕಡೆ ಯಶವಂತಪುರ, ನಡುವೆ ನನ್ ಥರ ಸ್ಕ್ರೀನ್ ಎಳಿಯೋರು ಯಾರಾದ್ರೂ ಇದ್ರೆ ಕರ್ಕೊಂಬಾ ನೋಡೋಣ" ಎಂದು ಸವಾಲು ಹಾಕುತ್ತಾರೆ. ಹುಡುಕಲು ನಾನು ಹೋಗಿಲ್ಲ. ಅವರು ಕೊಚ್ಚಿಕೊಳ್ಳುವುದೆಲ್ಲ ನಿಜವಾಗಿರುವುದೇ ನನ್ನ ಕಷ್ಟ.

ಸ್ಕ್ರೀನ್ ಎಂದರೆ ಮರದ ಚೌಕಟ್ಟಿಗೆ ಬಿಗಿದು ಕಟ್ಟಿದ ತೆಳುವಾದ ಜಾಲರಿ ಬಟ್ಟೆ. ಅದಕ್ಕೆ ಒಂದು ಅಂಟುದ್ರವ ಬಳಿದು ಒಣಗಿಸಿ, ಮೇಲೆ ನಾನು ಕೊಟ್ಟ ಕಪ್ಪು ಚಿತ್ರದ ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡುತ್ತಾರೆ. ಬೆಳಕು ಬಿದ್ದ ಕಡೆ ಅಂಟು ಗಟ್ಟಿಯಾಗುತ್ತದೆ. ಕಪ್ಪಿನ ಮರೆಯಲ್ಲಿದ್ದ ಕಡೆ ನೀರು ಹಾಯಿಸಿದರೆ ತೊಳೆದು ಹೋಗುತ್ತದೆ. ಆ ತೊಳೆದುಹೋದ ದಾರಿಯಲ್ಲೇ ಬಣ್ಣ ಇಳಿದು ಬಟ್ಟೆಗೆ ಹತ್ತುವುದು. ಒಂದು ಬಣ್ಣಕ್ಕೆ ಒಂದು ಸ್ಕ್ರೀನು. ಕಪ್ಪು ಟಿ-ಶರ್ಟಿನ ಮೇಲಾದರೆ ಎಲ್ಲದಕ್ಕೂ ಕೆಳಗೆ ಮೊದಲು ಬಿಳಿ ಹಾಕಬೇಕು, ಇಲ್ಲದಿದ್ದರೆ ಹಳದಿ ಹೋಗಿ ಪಾಚಿಯ ಬಣ್ಣವಾಗುತ್ತದೆ. ಆ ಬಿಳಿಯನ್ನು ನಾನು ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಕೊಡಬೇಕು. ಮರೆತರೆ ಸೀರೆಯ ಕೆಳಗೆ ಲಂಗ ಇಣುಕಿದ ಹಾಗೆ ಚಿತ್ರದ ಸುತ್ತ ಬಿಳಿ ಇಣುಕುತ್ತದೆ, ಮತ್ತು ಆಪಾ ನನ್ನನ್ನು ಎರಡೂ ಭಾಷೆಯಲ್ಲಿ ಬೈಯುತ್ತಾರೆ.

ಅಂಗಡಿಯ ಇನ್ನೊಂದು ಮೂಲೆಯಲ್ಲಿ ಫಿಲ್ಮ್ ಮೇಲೆ ಬಣ್ಣಬಣ್ಣದ ಚಿತ್ರ ಮುದ್ರಿಸುವ ಯಂತ್ರವಿದೆ. ಆ ಫಿಲ್ಮಿಗೆ ಅಂಟಿನ ಪುಡಿ ಉದುರಿಸಿ, ಬಿಸಿ ಒತ್ತಿ ಬಟ್ಟೆಗೆ ವರ್ಗಾಯಿಸಿದರೆ ಮುಗಿಯಿತು. ಒಂದೇ ಒಂದು ಟಿ-ಶರ್ಟು ಬೇಕೆಂದು ಬರುವವರಿಗೆ, ಹುಟ್ಟುಹಬ್ಬದ ಫೋಟೋ ಬೇಕೆಂದು ಬರುವವರಿಗೆ ಅದೇ ಸರಿ. ಆಪಾ ಅದನ್ನು ಮುದ್ರಣ ಎಂದು ಒಪ್ಪುವುದಿಲ್ಲ, "ಸ್ಟಿಕ್ಕರ್" ಎನ್ನುತ್ತಾರೆ. ಆ ಯಂತ್ರವನ್ನು ತಾವೇ ಹಟ ಹಿಡಿದು ತರಿಸಿದ್ದು ಎಂಬುದನ್ನು ನೆನಪಿಸಿದರೆ ಚಹಾ ತರಿಸುವ ನೆಪದಲ್ಲಿ ಎದ್ದು ಹೋಗುತ್ತಾರೆ.

ಅಂಥ ಒಂದೇ ಒಂದು ಟಿ-ಶರ್ಟು ಕೇಳಿಕೊಂಡು ಬಂದವಳು ಆ ಹೆಣ್ಣುಮಗಳು. ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲೇ ಇರುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಊಟದ ಬಿಡುವಿನಲ್ಲಿ ಬಿಳಿ ಕೋಟು ತೊಟ್ಟುಕೊಂಡೇ ಬಂದಿದ್ದಳು. ಚೀಟಿಯಲ್ಲಿ ತನ್ನ ಫೋನ್ ನಂಬರು ಬರೆದು ಕೊಟ್ಟು, "ಇದೊಂದೇ ಬೇಕು. ಬೆನ್ನ ಮೇಲೆ, ಕೆಳಗಡೆ, ಜಾಸ್ತಿ ಎದ್ದು ಕಾಣ್ಬಾರ್ದು. ಆದ್ರೆ ನೋಡಿದವ್ರಿಗೆ ಕಾಣ್ಬೇಕು" ಎಂದಳು.

"ಕಾಣ್ಬೇಕೋ, ಕಾಣ್ಬಾರ್ದೋ? ಒಂದು ಹೇಳಮ್ಮ" ಎಂದೆ ನಾನು, ನನ್ನ ಮಾಮೂಲಿ ಧಾಟಿಯಲ್ಲಿ.

ಆಗ ಅವಳು ಕೂತು ಹೇಳಿದಳು. ಕೆಂಪಾಪುರದ ಮನೆಯಲ್ಲಿ ಅವಳು, ಅವಳ ಅಪ್ಪ ಇಬ್ಬರೇ. ಅಪ್ಪ ಜೀವಮಾನವಿಡೀ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಈಚೆಗೆ ಮರೆವು. ಒಳ್ಳೆಯ ದಿನ ಎಲ್ಲ ಸರಿಯಿರುತ್ತದೆ, ಪೇಪರು ಓದುತ್ತಾರೆ, ಸಾರಿಗೆ ಉಪ್ಪು ಕಡಿಮೆ ಎನ್ನುತ್ತಾರೆ. ಕೆಟ್ಟ ದಿನ ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾರೆ. ಒಮ್ಮೆ ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಸಿಕ್ಕಿದ್ದರು, ಒಮ್ಮೆ ಯಶವಂತಪುರದಲ್ಲಿ. ಕೊರಳಿಗೆ ವಿಳಾಸದ ಕಾರ್ಡು ಹಾಕಿದರೆ "ನಾನೇನ್ ನಾಯೀನಾ, ಬಿಲ್ಲೆ ಕಟ್ಟೋಕೆ?" ಎಂದು ಕಿತ್ತು ಎಸೆದರು. ಕೈಗೆ ಪಟ್ಟಿ ಕಟ್ಟಿದರೆ ಕತ್ತರಿ ಹುಡುಕಿಕೊಂಡು ಕತ್ತರಿಸಿದರು.

"ಬೇರೆಯವ್ರು ದಾರಿ ತಪ್ಪಿದ್ರೆ ನೋಡಿದ್ ತಕ್ಷಣ ಗೊತ್ತಾಗುತ್ತೆ ಮೇಡಂ. ಅಪ್ಪ ಹಂಗಲ್ಲ. ನೀಟಾಗಿ ಬಾಚ್ಕೊಂಡು, ಕೈ ಬೀಸ್ಕೊಂಡು ನಡೀತಾರೆ, ನಿಜವಾಗ್ಲೂ ಎಲ್ಲಿಗೋ ಹೋಗೋರ ಥರ. ಯಾರೂ ತಡೆಯಲ್ಲ. ಒಂದಿನ ಹಂಗೇ ನಡ್ಕೊಂಡು ಹೋಗ್ಬಿಡ್ತಾರೆ, ನಂಗೆ ಸಿಗಲ್ಲ." ಅಷ್ಟು ಹೇಳಿ ಅವಳು ಕೋಟಿನ ತುದಿಯಿಂದ ಕಣ್ಣೊರೆಸಿಕೊಂಡಳು. ನನ್ನ ಧಾಟಿ ನನಗೇ ಅಸಹ್ಯವಾಯಿತು.

ಒಂದೇ ಶರ್ಟಿಗೆ ಸ್ಕ್ರೀನು ಮಾಡುವುದುಂಟೇ? ಫಿಲ್ಮಿನ ದಾರಿಯೇ ಹಿಡಿದೆವು. ಬೂದು ಬಣ್ಣದ ಕಾಲರ್ ಟಿ-ಶರ್ಟು, ಬೆನ್ನಿನ ಕೆಳಭಾಗದಲ್ಲಿ ಸಣ್ಣಗೆ, ಚೊಕ್ಕವಾಗಿ ನಂಬರು. ಒಗೆಯುವಾಗ, ಇಸ್ತ್ರಿ ಮಾಡುವಾಗ ಒಳಮೈ ತಿರುಗಿಸಿ ಎಂದು ಎಲ್ಲರಿಗೂ ಹೇಳುವ ಹಾಗೆ ಅವಳಿಗೂ ಹೇಳಿ ಕಳಿಸಿದೆವು. ಟಿ-ಶರ್ಟಿಗೆ ಇಸ್ತ್ರಿ ಮಾಡುವವರು ಈಗ ಯಾರಿದ್ದಾರೆ, ಒಣಗಿದ್ದನ್ನು ಎಳೆದು ತೊಟ್ಟುಕೊಳ್ಳುವ ಕಾಲ ಇದು. ಆದರೆ ಖಾಕಿ ತೊಟ್ಟು ಬದುಕಿದ ಮನುಷ್ಯ ಬೆಳಗ್ಗೆ ಎದ್ದು ಮೊದಲು ಮಾಡುವುದು ಇಸ್ತ್ರಿ. ಮರೆವು ಎಷ್ಟೋ ಸಂಗತಿಗಳನ್ನು ಅಳಿಸಿತ್ತು, ಅದೊಂದನ್ನು ಮುಟ್ಟಿರಲಿಲ್ಲ. ಗಂಜಿ ಹಾಕಿ, ಟಿ-ಶರ್ಟಿನ ತೋಳಿಗೂ ಮಡಿಕೆಯ ಗೆರೆ ಬರುವ ಹಾಗೆ, ಕಾದ ಪೆಟ್ಟಿಗೆಯನ್ನು ನಂಬರಿನ ಮೇಲೇ ಎಳೆದರು. ಬಿಸಿಗೆ ಅಂಟಿದ್ದು ಬಿಸಿಗೇ ಬಿಟ್ಟಿತು. ಅರ್ಧ ನಂಬರು ಶರ್ಟಿನಲ್ಲಿ, ಅರ್ಧ ಇಸ್ತ್ರಿಪೆಟ್ಟಿಗೆಯಲ್ಲಿ.

ಅದಕ್ಕಿಂತ ಕೆಟ್ಟದ್ದು ಬೇರೆ ಆಗಿತ್ತು. ಪೆಟ್ಟಿಗೆಗೆ ಅಂಟುವ ಮೊದಲು ಅವರು ಆ ನಂಬರನ್ನು ಓದಿದ್ದರು.

ಮರುದಿನ ಅಪ್ಪನೂ ಮಗಳೂ ಒಟ್ಟಿಗೆ ಅಂಗಡಿಗೆ ಬಂದರು. ಎತ್ತರದ ಆಳು, ಹಿಂದಕ್ಕೆ ಬಾಚಿದ ಬಿಳಿಕೂದಲು, ಬೆರಳಿಟ್ಟರೆ ಕುಯ್ಯುವಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಸುಟ್ಟ ಟಿ-ಶರ್ಟನ್ನು ಮಡಿಸಿ, ಅದನ್ನೂ ಮಡಿಸುವ ಕ್ರಮದಲ್ಲೇ ಮಡಿಸಿ, ಮೇಜಿನ ಮೇಲಿಟ್ಟರು.

"ಇದು ನನ್ ಮಗಳ ನಂಬರ್ರು. ಬೆನ್ನ ಮೇಲೆ ಯಾಕ್ ಬರ್ದಿದ್ದು?"

ಮಗಳು ನೆಲ ನೋಡಿದಳು. ನಾನು ಕಂಪ್ಯೂಟರು ನೋಡಿದೆ. ಸುಳ್ಳು ಹೇಳಲು ಬಾರದ ಆಪಾ ಮಾತ್ರ ಅವರ ಮುಖವನ್ನೇ ನೋಡಿ, "ನಿಮಗೆ ದಾರಿ ಮರ್ತೋಗುತ್ತಂತೆ ಸಾರ್. ಸಿಕ್ಕಿದವ್ರು ಫೋನ್ ಮಾಡ್ಲಿ ಅಂತ" ಎಂದುಬಿಟ್ಟರು.

ಅಪ್ಪ ಟಿ-ಶರ್ಟಿನ ಮಡಿಕೆ ಸರಿಮಾಡುತ್ತ, "ಮರೆಯುತ್ತೆ. ಗೊತ್ತು ನಂಗೆ" ಎಂದರು. "ಮರೀಲಿ ಅಂತ ನಾನೇನ್ ಆಸೆ ಪಟ್ಟಿಲ್ಲ. ಆದ್ರೆ ಕದ್ದು ಬರೀಬಾರ್ದಿತ್ತು ಕಣಮ್ಮ. ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ಒಪ್ತಿದ್ಯಾ ಅಪ್ಪ?"

"ಒಬ್ನೇ ಹಾಕ್ಕೊ ಅಂದ್ರೆ ಒಪ್ತಿರ್ಲಿಲ್ಲ. ಎಲ್ರೂ ಹಾಕ್ಕೊಂಡ್ರೆ ಅದು ಯೂನಿಫಾರ್ಮು. ಒಬ್ನೇ ಹಾಕ್ಕೊಂಡ್ರೆ ಮದುವೆ ಮನೇಲಿ ಬ್ಯಾಂಡ್ ಬಾರ್ಸೋನು ದಾರಿ ತಪ್ಪಿ ಬಂದಂಗೆ ಕಾಣ್ತೀನಿ."

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಆಪಾ ಜೋರಾಗಿಯೇ ನಕ್ಕರು. ನನಗೆ ಆ ಕ್ಷಣದಲ್ಲೇ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ತನ್ನ ಕಾಯಿಲೆಯನ್ನು ಹೀಗೆ ಮೇಜಿನ ಮೇಲಿಟ್ಟು, ಷರತ್ತು ಹಾಕಿ ಮಾತಾಡಬಲ್ಲವರನ್ನು ನಾನು ಹೆಚ್ಚು ಕಂಡಿಲ್ಲ. ನಾನಂತೂ ಒಂದು ಕನ್ನಡಕ ಬಂದಾಗಲೇ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡವಳು.

ಎಲ್ಲರೂ ಎಂದರೆ ಯಾರು ಎಂಬುದನ್ನು ಮಗಳೇ ಯೋಚಿಸಿದಳು. ಅವರ ಬೀದಿಯವರು ಒಂದಷ್ಟು ಜನ ದಿನಾ ಬೆಳಗ್ಗೆ ಹೆಬ್ಬಾಳ ಕೆರೆಯ ಕಡೆ ನಡೆಯಲು ಹೋಗುತ್ತಾರೆ, ಅಪ್ಪನೂ ಜೊತೆಗಿರುತ್ತಾರೆ. ಆ ಬಳಗಕ್ಕೆಲ್ಲ ಒಂದೇ ಥರದ ಟಿ-ಶರ್ಟು ಮಾಡಿಸಿದರೆ? ಅವಳು ಮನೆ ಮನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಯಾರೂ ಬೇಡ ಎನ್ನಲಿಲ್ಲ. ಖಾಕಿ ಬೇಡ, ಆಟೋದವರೆಂದುಕೊಂಡು ಜನ ನಮ್ಮನ್ನೇ ಬಾಡಿಗೆಗೆ ಕರೆಯುತ್ತಾರೆ ಎಂಬ ಒಂದು ತಕರಾರು ಬಿಟ್ಟರೆ.

ಬಳಗವಾದ ಮೇಲೆ ಅದಕ್ಕೊಂದು ಚಿತ್ರ ಬೇಕಲ್ಲ. ಬಸ್ಸು ಓಡಿಸಿದವರಿಗಾಗಿ ಹುಟ್ಟಿದ ಬಳಗ ಎಂದುಕೊಂಡು ನಾನು ಬಸ್ಸಿನ ಮುಂಭಾಗ ಬರೆದು ಇಟ್ಟಿದ್ದೆ. ಎರಡು ಹೆಡ್‌ಲೈಟು ಕಣ್ಣಿನ ಹಾಗೆ, ಬಂಪರು ನಗುವ ಬಾಯಿಯ ಹಾಗೆ. ಮುದ್ದಾಗಿದೆ ಎಂದು ನನಗೆ ನಾನೇ ಶಭಾಸ್ ಹೇಳಿಕೊಂಡಿದ್ದೆ. ಅಪ್ಪ ಬಂದು ನೋಡಿದರು, ಹುಬ್ಬು ಗಂಟಿಕ್ಕಿದರು.

"ಇದ್ ಎಲ್ಲಿ ಬರುತ್ತೆ?"

"ಬೆನ್ನ ಮೇಲೆ ಸಾರ್."

"ಬೆನ್ನ ಮೇಲೆ ಮುಖ ಯಾಕ್ ಬರೀತೀಯಮ್ಮ? ನನ್ ಹಿಂದೆ ಬರೋನಿಗೆ ಕಾಣೋದು ಗಾಡಿ ಹಿಂಭಾಗ ಅಲ್ವಾ? ಮುಖ ಕಂಡ್ರೆ ಎದುರಿಂದ ಬಂದು ಗುದ್ದುತ್ತೆ ಅಂತ ಓಡ್ಹೋಗ್ತಾನೆ!"

ಇಷ್ಟು ವರ್ಷ ಎದೆಗೊಂದು, ಬೆನ್ನಿಗೊಂದು ಚಿತ್ರ ಮಾಡಿಕೊಟ್ಟ ನನಗೆ ಬೆನ್ನಿಗೆ ಬೆನ್ನನ್ನೇ ಬರೆಯಬೇಕೆಂದು ಹೊಳೆದಿರಲಿಲ್ಲ. ಅಳಿಸಿ ಹೊಸದಾಗಿ ಶುರುಮಾಡಿದೆ. ಅವರು ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, ಕಣ್ಣು ಅರೆಮುಚ್ಚಿ, ಬಸ್ಸಿನ ಹಿಂಭಾಗವನ್ನು ಮೇಲಿಂದ ಕೆಳಕ್ಕೆ ಹೇಳುತ್ತ ಹೋದರು. ಮೇಲೆ ಊರಿನ ಬೋರ್ಡು. ಅದರ ಕೆಳಗೆ ದೊಡ್ಡ ಗಾಜು. ಗಾಜಿನ ಎರಡೂ ಮೂಲೆ ದುಂಡಗಿರಲಿ, ಚೌಕವಾದರೆ ಅದು ಲಾರಿ. ಆ ಕಡೆ ಈ ಕಡೆ ಕೆಂಪು ದೀಪ. ಬೆಳಗ್ಗೆ ಏನು ತಿಂದರೆಂದು ಕೇಳಿದರೆ ಮಗಳ ಮುಖ ನೋಡುವವರು, ದೀಪ ಎಲ್ಲಿರಬೇಕೆಂಬ ಬಗ್ಗೆ ತಿಲಮಾತ್ರ ರಾಜಿಯಾಗಲಿಲ್ಲ.

"ಬೋರ್ಡಿನಲ್ಲಿ ಯಾವ ಊರು ಸಾರ್?"

"ಕೆಂಪಾಪುರ. ನಾನ್ ಹೋಗ್ಬೇಕಾದ್ದು ಅಲ್ಲಿಗೆ ತಾನೆ?" ಎಂದರು. ನಾನು ಬರೆದೆ.

"ಕೊನೇಲಿ, ಬಂಪರ್ ಮೇಲೆ, ಸಾಲಾಗಿ ಬರ್ದಿರ್ತಿದ್ರು. ಚಾಲನೆ ಹೇಗಿದೆ, ತಿಳಿಸಿ ಅಂತ. ಪಕ್ಕದಲ್ಲಿ ಫೋನ್ ನಂಬರ್ರು."

ನನ್ನ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಮಗಳ ಕಡೆ ನೋಡಿದೆ, ಅವಳು ಅಪ್ಪನ ಕಡೆ ನೋಡುತ್ತಿದ್ದಳು. ಅವರು ಇಬ್ಬರ ಕಡೆಯೂ ನೋಡದೆ, ಪರದೆಯ ಮೇಲೆ ಬೆರಳಿಟ್ಟು, "ಆ ಸಾಲ್ನೂ ಬರಿ. ಪಕ್ಕದಲ್ಲಿ ಹಾಕು ಇವಳ ನಂಬರ್ನ" ಎಂದರು.

ಆ ಸಂಜೆ ಅವರು ಹೋದ ಮೇಲೆ ಆಪಾ ನನಗೆ, "ಡಿಸೈನ್ ಮಾಡೋದು ಹಂಗೆ, ಕಲ್ತ್ಕೊ" ಎಂದು ಚುಚ್ಚಿದರು. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಇನ್ನು ನನ್ನ ಕೆಲಸ, ಆಪಾ ಕೆಲಸ. ಇಸ್ತ್ರಿ ತಡೆಯಬೇಕಾದರೆ ಬಟ್ಟೆಯ ಮೇಲೆ ಪದರವಾಗಿ ಕೂರುವ ಬಣ್ಣ ಆಗದು, ನೂಲಿನೊಳಕ್ಕೆ ಇಳಿಯುವ ನೀರುಬಣ್ಣವೇ ಬೇಕು. ನೀರುಬಣ್ಣ ಗಾಢವಾದ ಬಟ್ಟೆಯ ಮೇಲೆ ಏಳುವುದಿಲ್ಲ. ಹಾಗಾಗಿ ತಿಳಿ ನೀಲಿ ಬಟ್ಟೆ, ಕಡುನೀಲಿ ಬಸ್ಸು, ಕೆಂಪು ದೀಪ ಎಂದು ತೀರ್ಮಾನವಾಯಿತು. ನೂಲಿಗೆ ಇಳಿದ ಬಣ್ಣ ಸ್ವಲ್ಪ ಹರಡುತ್ತದೆ. ಹರಡಿದರೆ ಮೊದಲು ಕಟ್ಟಿಕೊಳ್ಳುವುದು ಅಂಕಿಗಳ ಹೊಟ್ಟೆ. ಆರು, ಎಂಟು, ಒಂಬತ್ತು ಎಲ್ಲವೂ ದೂರದಿಂದ ಒಂದೇ ಕಪ್ಪು ಚುಕ್ಕೆಯಾಗಿಬಿಡುತ್ತವೆ. ಮಾಮೂಲಿ ಕೆಲಸದಲ್ಲಿ ಅದು ಅಂದಗೇಡು ಅಷ್ಟೇ. ಇಲ್ಲಿ ಎಂಟು ಹೋಗಿ ಆರಾಗಿ ಕಂಡರೆ ಫೋನು ಬೇರೆ ಯಾರ ಮನೆಗೋ ಹೋಗುತ್ತದೆ, ಅಪ್ಪ ಮನೆಗೆ ಬರುವುದಿಲ್ಲ. ಒಂದೊಂದೇ ಅಂಕಿಯನ್ನು ಹಿಡಿದು ಹೊಟ್ಟೆ ಅಗಲ ಮಾಡಿದೆ, ಅಂಕಿ ಅಂಕಿಯ ನಡುವೆ ಜಾಗ ಬಿಟ್ಟೆ. ಕಾಗದದಲ್ಲಿ ಮುದ್ರಿಸಿ ಅಂಗಡಿಯ ಬಾಗಿಲಿಗೆ ಅಂಟಿಸಿ, ರಸ್ತೆ ದಾಟಿ ಆ ಕಡೆ ನಿಂತು ಓದಿದೆ. ಬೇಕರಿಗೆ ಬಂದವರನ್ನೂ ಹಿಡಿದು ಓದಿಸಿದೆ. ಒಬ್ಬರು ತಡವರಿಸಿದರು, ಮತ್ತೆ ಹೋಗಿ ತಿದ್ದಿದೆ. ನನ್ನ ಸಿಡುಕು ಎಲ್ಲಿ ಹೋಗಿತ್ತೋ, ಆ ದಿನಗಳಲ್ಲಿ ಯಾರೂ ನನ್ನಿಂದ ಬೈಸಿಕೊಳ್ಳಲಿಲ್ಲ.

ಅಚ್ಚು ಹಾಕುವ ದಿನ ಅಪ್ಪನೂ ಬಂದು ಕೂತಿದ್ದರು. ಬಿಸಿಲಿನ ದಿನ, ನೀರುಬಣ್ಣ ಜಾಲರಿಯಲ್ಲೇ ಒಣಗಿ ಕಚ್ಚಿಕೊಳ್ಳುವ ಹವೆ. ಅಂಥ ದಿನ ಕೈ ನಿಧಾನವಾದರೆ ಸ್ಕ್ರೀನೇ ಹಾಳು, ಅವಸರವಾದರೆ ಬಣ್ಣ ಕಲಸಿಹೋಗುತ್ತದೆ. ಆಪಾ ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತರು. ರಬ್ಬರಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಒಂದೇ ಎಳೆತ. ಸ್ಕ್ರೀನು ಎತ್ತಿದರೆ ಬಸ್ಸು ಬಟ್ಟೆಯ ಮೇಲಿತ್ತು. ಮುಂದಿನದಕ್ಕೂ ಅದೇ ಒತ್ತಡ, ಅದೇ ಓರೆ, ಅದೇ ವೇಗ. ಎಷ್ಟೋ ವರ್ಷದಿಂದ ನೋಡುತ್ತಿದ್ದೇನೆ, ಆಪಾ ಸ್ಕ್ರೀನ್ ಎಳೆಯುವಾಗ ನಾನು ಈಗಲೂ ಕೆಲಸ ಬಿಟ್ಟು ನೋಡುತ್ತೇನೆ. ನನ್ನ ಗೆರೆ ಎಷ್ಟೇ ಚೆನ್ನಾಗಿರಲಿ, ಆ ಕೈಯಿಂದ ಇಳಿದ ಮೇಲೇ ಅದಕ್ಕೆ ಜೀವ.

ಎರಡನೆಯ ಬಣ್ಣಕ್ಕೆ, ಚಿತ್ರದ ಮೂಲೆಗಳಲ್ಲಿ ನಾನು ಹಾಕಿಕೊಟ್ಟ ಕೂಡುಗುರುತುಗಳನ್ನು ಒಂದರ ಮೇಲೊಂದು ಕೂರಿಸಬೇಕು. ಆಪಾ ಒಂದು ಕಣ್ಣು ಮುಚ್ಚಿ ಸರಿಸುತ್ತಿದ್ದಾಗ ಅಪ್ಪ ಎದ್ದು ಬಂದು, "ಎಡಕ್ಕೆ... ಇನ್ ಚೂರು... ಸಾಕ್ ಸಾಕ್, ನಿಲ್ಸು!" ಎಂದರು, ಡಿಪೋದಲ್ಲಿ ಯಾರಿಗೋ ರಿವರ್ಸ್ ಹೇಳುವವರಂತೆ. ಬೇರೆ ಯಾರಾದರೂ ಹಾಗೆ ಮಧ್ಯೆ ಬಾಯಿ ಹಾಕಿದ್ದರೆ ಆಪಾ ಹೊರಕ್ಕೆ ಕಳಿಸುತ್ತಿದ್ದರು. ಅವತ್ತು ಬಗ್ಗಿ ನೋಡಿ, "ಕರೆಕ್ಟಾಗಿ ಕೂತಿದೆ ಸಾರ್" ಎಂದು ಒಪ್ಪಿಕೊಂಡರು. ಕೆಂಪು ದೀಪಗಳು ತಮ್ಮ ಜಾಗದಲ್ಲಿ ಬಂದು ಕೂತವು. ಬಿಸಿಯಲ್ಲಿ ಬಣ್ಣ ಪಕ್ವವಾದ ಮೇಲೆ ಅಪ್ಪನ ಕೈಗೇ ಇಸ್ತ್ರಿಪೆಟ್ಟಿಗೆ ಕೊಟ್ಟೆವು. ಮೈಮೇಲೆ ಬಂದವರಂತೆ ಒತ್ತಿ ಒತ್ತಿ ಎಳೆದರು. ಒಂದು ಅಂಕಿಯೂ ಕದಲಲಿಲ್ಲ.

ಬಳಗದವರು ಅದನ್ನು ತೊಟ್ಟು ಓಡಾಡತೊಡಗಿದ ಮೇಲೆ ಮಗಳ ಫೋನಿಗೆ ನಿಜವಾಗಿಯೂ ಕರೆಗಳು ಬರಲು ಶುರುವಾದವು. ಬಸ್ಸಿನ ಚಿತ್ರದ ಬನಿಯನ್ ತೊಟ್ಟ ದಪ್ಪನೆಯವರೊಬ್ಬರು ಇಡ್ಲಿ ಅಂಗಡಿಯಲ್ಲಿ ಸಾಲು ಬಿಟ್ಟು ನುಗ್ಗಿದರೆಂದು ಒಬ್ಬರು ದೂರು ಕೊಟ್ಟರಂತೆ. ಇವಳು ಗಂಭೀರವಾಗಿ, "ಕ್ರಮ ತಗೊಳ್ತೀವಿ ಸಾರ್" ಎಂದಳಂತೆ. ಊಟದ ಬಿಡುವಿನಲ್ಲಿ ಬಂದು ಇಂಥದ್ದನ್ನೆಲ್ಲ ಹೇಳಿ ನಗಿಸುತ್ತಿದ್ದಳು. ಅಪ್ಪ ಆ ಶರ್ಟನ್ನು ಬಿಟ್ಟು ಬೇರೆ ತೊಡುವುದೇ ಇಲ್ಲ, ಒಂದು ಒಗೆದರೆ ಇನ್ನೊಂದು ಇರಲಿ ಎಂದು ಇನ್ನೊಂದನ್ನೂ ಮಾಡಿಸಿಕೊಂಡಳು.

ಒಂದು ಮಧ್ಯಾಹ್ನ ಅವಳು ಓಡಿಕೊಂಡು ಬಂದಳು. ಹಗಲು ಅಪ್ಪನನ್ನು ನೋಡಿಕೊಳ್ಳುವ ಪಕ್ಕದ ಮನೆಯಾಕೆ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವಷ್ಟರಲ್ಲಿ ಅವರು ಗೇಟು ದಾಟಿ ಹೋಗಿದ್ದರು. ಆಗಿನಿಂದ ಬಳಗದವರು ಕೆರೆಯ ಸುತ್ತ, ಮೇಲ್ಸೇತುವೆಯ ಸುತ್ತ ಹುಡುಕುತ್ತಿದ್ದಾರೆ, ಎಲ್ಲೂ ಇಲ್ಲ. ಅವಳ ತುಟಿ ಬಿಳಿಚಿಕೊಂಡಿತ್ತು.

"ಶರ್ಟ್ ಯಾವ್ದು ಹಾಕಿದ್ದಾರೆ?" ಇದು ಆಪಾ ಕೇಳಿದ ಮೊದಲ ಪ್ರಶ್ನೆ.

"ಬಸ್ಸಿಂದೇ. ಹಗ್ಗದ ಮೇಲೆ ಒಂದೇ ಇದೆಯಂತೆ."

ಸಿಕ್ಕರಾ, ಸಿಕ್ಕರಾ ಎಂದು ಬೀದಿಯವರೆಲ್ಲ ಅವಳಿಗೇ ಫೋನ್ ಮಾಡುತ್ತಿದ್ದರು. ಮೂರನೆಯ ಕರೆ ಬಂದಾಗ ಆಪಾ ಫೋನು ಕಿತ್ತುಕೊಂಡು, "ಅರೆ, ಈ ಲೈನ್ ಖಾಲಿ ಬಿಡ್ರೀ! ಫೋನ್ ಇಡ್ರೀ ಮೊದ್ಲು!" ಎಂದು ಕೂಗಿದರು. ಆಮೇಲೆ ಬಳಗದವರಿಗೆಲ್ಲ ನನ್ನ ಫೋನಿನಿಂದ ಹೇಳಿ, ಅವಳ ಫೋನನ್ನು ಮೇಜಿನ ಮೇಲಿಟ್ಟು ಮೂವರೂ ಕಾದೆವು. ಕಾಯುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಅವರ ಬೆನ್ನಿನ ಆ ಅಂಕಿಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಓದಿಕೊಂಡೆ. ಎಂಟರ ಹೊಟ್ಟೆ ಇನ್ನೂ ಚೂರು ಅಗಲ ಮಾಡಬೇಕಿತ್ತೇ, ಬೆವರಿಗೆ ಬಟ್ಟೆ ಸುಕ್ಕಾಗಿ ಒಂದು ಅಂಕಿ ಮಡಿಕೆಯೊಳಕ್ಕೆ ಹೋಗಿದ್ದರೆ?

ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಆಪಾ ಸ್ಪೀಕರ್ ಒತ್ತಿದರು. ಹೆಂಗಸಿನ ದನಿ.

"ಅಲೋ, ಬಸ್ಸಿನ ಆಫೀಸಾ? ನಿಮ್ ಡ್ರೈವರ್ರು ಇಲ್ಲಿ ಅಬ್ಬಿಗೆರೆ ಸ್ಟಾಪ್‌ನಾಗೆ ಕುಂತವ್ರೆ ಕಣಮ್ಮ. ಆಗ್ಲಿಂದ ನೋಡ್ತಾವ್ನಿ, ಬಸ್ ಬಂದಂಗೆಲ್ಲಾ ಎದ್ದು ಕೈ ಎತ್ತಾರೆ, ಒಂದುಕ್ಕೂ ಅತ್ತಾಕಿಲ್ಲ. ಇಂಗೆ ಯಾಕ್ ಕುಂತಿದ್ದೀರಿ ಅಂದ್ರೆ ಗಾಡಿ ಬರ್ಬೇಕು ಅಂತಾರೆ. ಒಟ್ಟೆಗೆ ಏನಾರ ತಿಂದವ್ರೋ ಇಲ್ವೋ. ಒಂದ್ ಟೀ ಕೊಡ್ಸಿವ್ನಿ. ಬೇಗ್ ಬನ್ನಿ."

ಮಗಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಆಪಾ ಆಗಲೇ ವ್ಯಾನಿನ ಕೀಲಿ ಹಿಡಿದು ಬಾಗಿಲಲ್ಲಿದ್ದರು.

ಸ್ಕ್ರೀನ್ ಎಳೆಯುವ ಅದೇ ಕೈಗೆ ಸ್ಟಿಯರಿಂಗ್ ಕೊಟ್ಟರೆ ಏನಾಗುತ್ತದೆಂದು ಹೇಳದಿರುವುದೇ ಮೇಲು. ಯಶವಂತಪುರದ ಗಿಜಿಗಿಜಿಯಲ್ಲಿ ಜೀವ ಕೈಯಲ್ಲಿ ಹಿಡಿದು, ಜಾಲಹಳ್ಳಿ, ಶೆಟ್ಟಿಹಳ್ಳಿ ದಾಟಿ ಅಬ್ಬಿಗೆರೆಗೆ ಹೋದೆವು. ಅವರು ಸ್ಟಾಪಿನ ಕಲ್ಲುಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಫೋನ್ ಮಾಡಿದ ಸೊಪ್ಪಿನ ಬುಟ್ಟಿಯ ಹೆಂಗಸು ಪಕ್ಕದಲ್ಲೇ ಕಾವಲಿಗೆ ಕೂತಿದ್ದಳು. ಮಗಳು ಅವಳ ಎರಡೂ ಕೈ ಹಿಡಿದುಕೊಂಡಳು. ಆ ಹೆಂಗಸು ಕರಿಬೇವಿನ ಒಂದು ಹಿಡಿಯನ್ನು ಇವಳ ಕೈಗೆ ತುರುಕಿ, "ಓಗಮ್ಮ, ಉಣ್ಣಾಕಿಕ್ಕು ಮೊದ್ಲು" ಎಂದಳು.

ಅಪ್ಪ ಏನೂ ಕೇಳದೆ ವ್ಯಾನು ಹತ್ತಿ, ಆಪಾ ಪಕ್ಕ ಮುಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಬಂದ ಮೇಲೆ, "ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀಯಲ್ಲಮ್ಮ, ಪ್ಲೇಟ್ ಸವೆದ್ಹೋಗುತ್ತೆ" ಎಂದರು. ಜನ್ಮದಲ್ಲಿ ಯಾರಿಂದಲೂ ಒಂದು ಮಾತು ಹೇಳಿಸಿಕೊಳ್ಳದ ಆಪಾ, "ಸರಿ ಸಾರ್" ಎಂದು ಕಾಲು ತೆಗೆದರು.

ಜಾಲಹಳ್ಳಿಯ ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ ಕೇಳಿದರು: "ನಾನ್ ಅಲ್ಲಿದ್ದೀನಿ ಅಂತ ಯಾರ್ ಹೇಳಿದ್ದು?"

"ಸೊಪ್ಪಿನವ್ರು ಫೋನ್ ಮಾಡಿದ್ರಪ್ಪ. ನಿನ್ ಬೆನ್ನ ಮೇಲಿನ ನಂಬರ್ ನೋಡಿ."

ಅವರ ಭುಜ ಕುಸಿಯಿತು. ನಿಧಾನವಾಗಿ ಹಿಂದಕ್ಕೆ ತಿರುಗಿದರು. ಇಷ್ಟು ಹೊತ್ತು ಇದ್ದ ಆ ಠೀವಿ ಮುಖದಲ್ಲಿರಲಿಲ್ಲ, ಸಾಹೇಬರ ಕೋಣೆಗೆ ಕರೆಸಿಕೊಂಡವರ ಹಾಗೆ ಆಗಿತ್ತು.

"ಏನಂತೆ ಕಂಪ್ಲೇಂಟು?"

ಯಾವ ಗಾಡಿ, ಯಾವ ಕಂಪ್ಲೇಂಟು, ನೀನು ದಾರಿ ತಪ್ಪಿದ್ದೆ ಎಂದು ಮಗಳು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಅವಳು ಕೈಯಲ್ಲಿದ್ದ ಕರಿಬೇವನ್ನು ನೋಡಿ, ಆಮೇಲೆ ಅಪ್ಪನನ್ನು ನೋಡಿ ಹೇಳಿದಳು:

"ಕಂಪ್ಲೇಂಟ್ ಅಲ್ಲಪ್ಪ. ನಿಮ್ ಡ್ರೈವರ್ ತುಂಬಾ ಚೆನ್ನಾಗಿ ಓಡಿಸ್ತಾರೆ ಅಂತ ಹೇಳೋಕ್ಕೆ ಮಾಡಿದ್ರು."

ಹಸಿರು ದೀಪ ಬಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಆಪಾ ವ್ಯಾನು ಕದಲಿಸಲಿಲ್ಲ.

"ನಿಜವಾಗ್ಲೂ?"

"ನಿಜವಾಗ್ಲೂ ಅಪ್ಪ."

ಅವರು ಮುಂದಕ್ಕೆ ತಿರುಗಿ ಕೂತರು. ಟಿ-ಶರ್ಟಿನ ಕಾಲರನ್ನು ಎರಡೂ ಕೈಯಿಂದ ಸರಿಮಾಡಿಕೊಂಡರು.

"ಸರ್ವೀಸ್ ಪೂರ್ತಿ ಕಾದಿದ್ದೆ ಕಣಮ್ಮ," ಎಂದರು, "ಒಬ್ರಾದ್ರೂ ಹಂಗೆ ಫೋನ್ ಮಾಡ್ಲಿ ಅಂತ."